ರೇಡಿಯೇಟರಿನಲ್ಲಿ ಬಾಸುಂದಿ

ಅಂಗಡಿಯಲ್ಲಿ ನಾನು ಕೂರುವ ಗಾದಿಯ ಪಕ್ಕ ಒಂದು ಪುಟ್ಟ ಸ್ಟೀಲ್ ಡಬ್ಬಿ ಇದೆ. ಬಿಗಿಯಾದ ಮುಚ್ಚಳ, ಮುಚ್ಚಳದ ಮೇಲೆ ನಮ್ಮ ಮದುವೆಗೆ ಅದನ್ನು ಕೊಟ್ಟವರ ಹೆಸರು. ನಲವತ್ತು ವರ್ಷ ಅಡುಗೆಮನೆಯಲ್ಲಿ ಉಪ್ಪಿನಕಾಯಿಯನ್ನು ಕಾಯ್ದ ಡಬ್ಬಿ ಅದು. ಈಗ ನಿವೃತ್ತವಾಗಿ ನನ್ನ ಬಳಿ ಗುಂಡುಪಿನ್ನು, ರಬ್ಬರ್ ಬ್ಯಾಂಡುಗಳನ್ನು ಕಾಯುತ್ತಿದೆ. ನಿವೃತ್ತಿ ಎನ್ನುವುದು ನನ್ನ ಮಾತು. ನಿಜದಲ್ಲಿ ಅದು ಗಡಿಪಾರು. “ಇದನ್ನ ಇನ್ನೊಮ್ಮಿ ಒಳಗ ತರಬ್ಯಾಡ್ರಿ. ಎಷ್ಟ ತಿಕ್ಕಿದ್ರೂ ಇದು ನನ್ನ ಡಬ್ಬಿ ಅನಸೂದಿಲ್ಲ” ಎಂದು ಹೆಂಡತಿ ಹೊಸ್ತಿಲಾಚೆ ಇಟ್ಟಳು. ಅದನ್ನು ಎತ್ತಿಕೊಂಡು ಬಂದವನು ನಾನು.

ಈ ಡಬ್ಬಿಯನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಈಗಲೇ ಕೇಳಬೇಡಿ. ಒಬ್ಬರ ಮೇಲಲ್ಲ, ಸರದಿಯಿದೆ. ಸರದಿಯ ಕೊನೆಯಲ್ಲಿ ಯಾರು ನಿಂತಿದ್ದಾರೆ ಎಂಬುದನ್ನು ಹೇಳದೆ ಮುಗಿಸಿಬಿಡುವ ಆಸೆ ನನಗಿತ್ತು. ಆದರೆ ಅದಕ್ಕೆ ಅಕ್ಕಲಕೋಟೆಯಲ್ಲಿ ಒಬ್ಬ ಮನುಷ್ಯ ಅವಕಾಶ ಕೊಡುತ್ತಿಲ್ಲ.

ಅದೊಂದು ಭಾನುವಾರ ಬೆಳಿಗ್ಗೆ ಸೊಲ್ಲಾಪುರದ ನಮ್ಮ ಮನೆಯ ಮುಂದೆ ಕಾರು ತೊಳೆಯುತ್ತಿದ್ದೆ. ಬಿಳಿ ಬಣ್ಣದ ಡೀಸೆಲ್ ಗಾಡಿ, ವಯಸ್ಸಿನಲ್ಲಿ ನನ್ನ ಮೊಮ್ಮಗಳಿಗಿಂತ ಹಿರಿದು, ಸ್ವಭಾವದಲ್ಲಿ ಅವಳಿಗಿಂತ ಸಾಧು. ತೊಳೆದದ್ದಾಯಿತು, ಒಳಗೂ ಒಮ್ಮೆ ನೋಡೋಣವೆಂದು ಬಾನೆಟ್ ಎತ್ತಿದೆ. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಟಾಕಿ ಇರುತ್ತದಲ್ಲ, ಎಂಜಿನ್ನನ್ನು ತಂಪಾಗಿಡುವ ಹಸಿರು ನೀರಿನದು, ಅದರ ಮುಚ್ಚಳ ತಿರುಗಿಸಿದೆ. ಹಸಿರು ನೀರು ಇರಲಿಲ್ಲ. ಗಟ್ಟಿಯಾಗಿ, ಕೆನೆಗಟ್ಟಿ, ತುಸು ಹಳದಿಗೆ ತಿರುಗಿದ ಬಿಳಿ ಪದಾರ್ಥವೊಂದು ಟಾಕಿಯ ಕಂಠದವರೆಗೆ ಬಂದು ನನ್ನನ್ನು ನೋಡುತ್ತಿತ್ತು. ಹೆಂಡತಿ ಕಲಾವತಿ ನನ್ನ ಹೆಗಲ ಮೇಲಿಂದ ಇಣುಕಿದಳು.

“ಅಯ್ಯ! ಯಾರ್ರಿ ಇದರಾಗ ಬಾಸುಂದಿ ಸುರದಾರ?”

ಮನೆ ಹೊತ್ತಿ ಉರಿಯುವಾಗ ಬೆಂಕಿಯ ಬಣ್ಣವನ್ನು ಹೊಗಳುವ ಜಾತಿಯ ಮಾತು ಇದು. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಅದು ಬಾಸುಂದಿಯ ಹಾಗೆಯೇ ಇತ್ತು. ಚಾರೋಳಿ ಒಂದು ಕಡಿಮೆ.

ಕಾರು ಬಲ್ಲ ಯಾರನ್ನಾದರೂ ಕೇಳಿ ನೋಡಿ, ತಂಪು ನೀರಿನಲ್ಲಿ ಎಣ್ಣೆ ಕಾಣಿಸಿಕೊಳ್ಳುವುದು ಶುಭವಲ್ಲ. ಎಂಜಿನ್ನಿನೊಳಗೆ ಎಣ್ಣೆಗೊಂದು ದಾರಿ, ನೀರಿಗೊಂದು ದಾರಿ. ಇಬ್ಬರೂ ಒಂದೇ ಮನೆಯಲ್ಲಿದ್ದು ಮುಖ ನೋಡದ ಸೊಸೆಯರ ಹಾಗೆ ಬಾಳಬೇಕು. ನಡುವಿನ ಗೋಡೆ ಎಲ್ಲೋ ಸೀಳಿದರೆ ಮಾತ್ರ ಅವರು ಕೂಡುತ್ತಾರೆ. ಕೂಡಿದರೆ ಬಾಸುಂದಿ. ಇಷ್ಟು ನನಗೂ ಗೊತ್ತಿತ್ತು. ಗೋಡೆ ಎಲ್ಲಿ ಸೀಳಿದೆ ಎಂಬುದು ಗೊತ್ತಿರಲಿಲ್ಲ.

ಪಕ್ಕದ ಮನೆಯವರ ಮಾತು ಕೇಳಿ ಹೆದ್ದಾರಿ ಬದಿಯ ಹೊಸ ವರ್ಕ್‌ಶಾಪಿಗೆ ಹೋದೆ. ಸಿಟ್ಟಿನ ಸರದಿಯಲ್ಲಿ ಮೊದಲನೆಯವರು ಇವರು. ಗಾಜಿನ ಕೋಣೆ, ತಣ್ಣನೆಯ ಗಾಳಿ, ಕುರ್ಚಿಗೆ ಕುರ್ಚಿ ಅಂಟಿಸಿದ ಸಾಲು. ಕಾರು ಗಾಜಿನ ಆಚೆ, ನಾನು ಈಚೆ. ಆಸ್ಪತ್ರೆಯಲ್ಲಿ ಹೆರಿಗೆಗೆ ಕರೆತಂದವರನ್ನೂ ಇಷ್ಟು ದೂರ ಕೂರಿಸುವುದಿಲ್ಲ. ಇಸ್ತ್ರಿಯ ಅಂಗಿ ತೊಟ್ಟ ತರುಣನೊಬ್ಬ ಕೈಯಲ್ಲಿ ಟ್ಯಾಬ್ ಹಿಡಿದು ಬಂದ. ಟಾಕಿಯೊಳಗೆ ಬೆರಳಿಡಲಿಲ್ಲ. ಮೂಗು ಹತ್ತಿರ ಒಯ್ಯಲಿಲ್ಲ. ಒಂದು ಮೊಳ ದೂರದಿಂದ ಫೋಟೋ ತೆಗೆದ, ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದ. ಎದುರಿಗೇ ಇರುವ ವಸ್ತುವನ್ನು ಬಿಟ್ಟು ಅದರ ಫೋಟೋ ನೋಡುವವನ ಬಗ್ಗೆ ನಾನು ಏನು ಹೇಳಲಿ? ನಾಳೆ ಊಟಕ್ಕೆ ಕೂತು ಹೋಳಿಗೆಯ ಚಿತ್ರ ನೆಕ್ಕುತ್ತಾನೆ.

“ಕಾಕಾ, ಪೂರ್ಣ ಇಂಜಿನ್ ಖೋಲಾವ ಲಾಗೇಲ” ಎಂದ. ಇಡೀ ಎಂಜಿನ್ ಬಿಚ್ಚಬೇಕಂತೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಆಯಿಲ್ ಕೂಲರ್ ಹೋಗಿರಬಹುದು, ಎಂಜಿನ್ನೇ ಬಿರುಕು ಬಿಟ್ಟಿರಬಹುದು. ನಾನು ಹೊರಡುವ ಮುಂಚೆ ಅವನು ಇನ್ನೊಂದು ಮಾತು ಕೇಳಿದ. ಎಲ್ಲ ಅನಾಹುತಕ್ಕೂ ಅದೇ ಮೂಲ. ಕೊನೆಯ ಸಲ ಇದನ್ನು ಮುಟ್ಟಿದ ಮೆಕ್ಯಾನಿಕ್ ಯಾರು?

ಕೊನೆಯ ಸಲ ಮುಟ್ಟಿದವನು ಬೀರಪ್ಪ ಮೇಸ್ತ್ರಿ.

ಬೀರಪ್ಪನ ಗ್ಯಾರೇಜು ಅಕ್ಕಲಕೋಟೆಯಲ್ಲಿದೆ. ಬೇವಿನ ಮರದ ಕೆಳಗೊಂದು ತಗಡಿನ ಶೆಡ್ಡು, ಮುಂದೆ ಅಂಗಳ. ಅವನ ಅಣ್ಣತಮ್ಮಂದಿರು ಇಂದಿಗೂ ಕುರಿ ಕಾಯುತ್ತಾರೆ. ಇವನೊಬ್ಬ ಪಾನಾ, ಎಂದರೆ ನಟ್ಟು ತಿರುಗಿಸುವ ಸ್ಪ್ಯಾನರು, ಹಿಡಿದ. ಆದರೆ ಬಿಟ್ಟುಬಂದ ಕಸುಬು ಕೈಯಲ್ಲಿ ಉಳಿದಿದೆ. ಕುರಿಯ ಕಿವಿ ಹಿಡಿದು ಜ್ವರ ನೋಡುವ ಹಾಗೆಯೇ ಅವನು ರಬ್ಬರ್ ಪೈಪು ಹಿಡಿದು ಎಂಜಿನ್ನಿನ ಕಾವು ನೋಡುತ್ತಾನೆ. ಪ್ರತಿ ಗುರುವಾರ ನಾವು ಗಂಡಹೆಂಡತಿ ಅಕ್ಕಲಕೋಟೆಗೆ ದರ್ಶನಕ್ಕೆ ಹೋಗುವವರು. ಅವಳು ದೇವರಿಗೆ, ನಾನು ದೇವರಿಗೂ ಬೀರಪ್ಪನಿಗೂ. ಇಪ್ಪತ್ತು ವರ್ಷದಲ್ಲಿ ನನ್ನ ಗಾಡಿಗೆ ಬೇರೆಯವರ ಕೈ ಹತ್ತಿದ್ದಿಲ್ಲ. ಹದಿನೈದು ದಿನದ ಹಿಂದೆ ಅವನೇ ಒಂದು ಪೈಪು ಬದಲಿಸಿ ಹೊಸ ಹಸಿರು ನೀರು ತುಂಬಿ ಕಳಿಸಿದ್ದ. “ಸಾವಕಾರ್ರ, ಕಡಿಮಿ ಆದ್ರ ನನ್ನ ಕಡಿ ತರ್ರಿ. ನೀವ ಏನೂ ಹಾಕಾಕ ಹೋಗಬ್ಯಾಡ್ರಿ” ಎಂದು ಬೇರೆ ಹೇಳಿದ್ದ. ಆಮೇಲಿನ ವಾರ ಹೆಂಡತಿಯ ತಂಗಿಗೆ ಎಣ್ಣೆ ಕೊಡಲು ದುಧನಿಗೆ ಹೋಗಿ ಬರುವಾಗ ಟಾಕಿಯಲ್ಲಿ ನೀರು ಗೆರೆಗಿಂತ ಎರಡು ಬೆರಳು ಇಳಿದಿತ್ತು. ದಾರಿಯಲ್ಲಿ ಒಂದು ಬೋರಿನ ನೀರು ತುಂಬಿಕೊಂಡು ಒಂದಿಷ್ಟು ಹಾಕಿದೆ. ನೀರು ತಾನೆ? ನೀರು ವಿಷವೇ? ಇದನ್ನು ವರ್ಕ್‌ಶಾಪಿನ ತರುಣನಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಮನೆತನದ ಮೂಗಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ.

ನಮ್ಮದು ಎಣ್ಣೆ ಅಂಗಡಿ. ಅಜ್ಜ ಇಟ್ಟದ್ದು, ಅಪ್ಪ ಬೆಳೆಸಿದ್ದು, ನಾನು ಕೂತದ್ದು. ಈಗ ಪಾಕೀಟಿನ ಎಣ್ಣೆಯ ಕಾಲ, ಆದರೂ ಕಟ್ಟಿಗೆ ಗಾಣದ ಕುಸುಬಿ ಎಣ್ಣೆಯನ್ನು ನಾನು ಬಿಟ್ಟಿಲ್ಲ. ಅಪ್ಪನ ಕಾಲಕ್ಕೆ ಹನ್ನೂರ, ಭಂಡಾರಕವಠೆಯ ಕಡೆಯಿಂದ ಡಬ್ಬಗಳಲ್ಲಿ ಶೇಂಗಾ, ಕುಸುಬಿ, ಅಗಸಿ ಎಣ್ಣೆ ಬರುತ್ತಿತ್ತು. ಅಪ್ಪ ಮೂಸಿ ಹೂಂ ಎಂದರೆ ಡಬ್ಬ ಒಳಗೆ, ಊಹೂಂ ಎಂದರೆ ಡಬ್ಬ ಎತ್ತಿನ ಗಾಡಿಗೆ ವಾಪಸು. ಮೇಲ್ಮನವಿ ಇರಲಿಲ್ಲ. ಹೊಸ ಎಣ್ಣೆಗೆ ಹೋದ ವರ್ಷದ ಎಣ್ಣೆ ಬೆರೆಸಿದರೆ ಯಾವ ತಿಂಗಳದ್ದು ಎಂದು ಹೇಳುತ್ತಿದ್ದರು ಎಂದು ಜನ ಹೇಳುತ್ತಾರೆ. ಜನ ಹೇಳುವುದನ್ನು ನಾವು ಮನೆಯವರು ಎಂದೂ ತಿದ್ದಲಿಲ್ಲ.

ಅಪ್ಪನದೊಂದು ವಿಚಿತ್ರ ರೀತಿಯಿತ್ತು. ಅಂಗಡಿಯೊಳಗೆ ಎಣ್ಣೆ ಮೂಸುತ್ತಿರಲಿಲ್ಲ. ಸಟ್ಟುಗದಲ್ಲಿ ನಾಲ್ಕು ಹನಿ ಹಿಡಿದು ಹೊಸ್ತಿಲು ದಾಟಿ, ಗಟಾರು ದಾಟಿ, ರಸ್ತೆಯ ಆಚೆ ಹೋಗಿ ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ಮೊದಲು ಧೋತರದ ಒಗೆದ ಅಂಚನ್ನು ಎತ್ತಿ ಮೂಸುತ್ತಿದ್ದರು. ಆಮೇಲೆ ಎಣ್ಣೆ. ಟಾಂಗಾದವರು, ಸಾಲಿಗೆ ಹೋಗುವ ಹುಡುಗಿಯರು ಎಲ್ಲರೂ ನೋಡುತ್ತಿದ್ದರು. ನಡುರಸ್ತೆಯಲ್ಲಿ ನಿಂತು ಧೋತರ ಮೂಸುವ ತಂದೆಯ ಮಗನಾಗಿ ಬೆಳೆಯುವುದು ಎಂಥ ಅನುಭವ ಎಂಬುದನ್ನು ನೀವೇ ಊಹಿಸಿ. ಒಮ್ಮೆ ತಡೆಯಲಾರದೆ ಕೇಳಿದೆ, ಒಳಗೇ ಮೂಸಿದರೆ ಏನಾಗುತ್ತದೆ ಎಂದು. “ಅಂಗಡ್ಯಾಗ ನಿಂತ ಮೂಸಿದ್ರ ನಮ್ಮ ಎಣ್ಣಿ ನಮ್ಮ ಮೂಗಿಗಿ ಹತ್ತೂದಿಲ್ಲೋ. ಹೊರಗಿನ ವಾಸನಿ ಅಷ್ಟ ಹತ್ತತದ” ಎಂದರು. ಆಗ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನೆಲ್ಲ ಹಿರಿಯರ ಹುಚ್ಚು ಎಂಬ ಕಪಾಟಿನಲ್ಲಿ ಇಟ್ಟು ಬೀಗ ಹಾಕುವ ವಯಸ್ಸು ಅದು. ಆ ವಯಸ್ಸು ನನಗೆ ಅರವತ್ತೈದರವರೆಗೂ ನಡೆಯಿತು.

ನಮ್ಮ ಎಣ್ಣೆ ನಮಗೆ ಹತ್ತುವುದಿಲ್ಲ ಎಂಬುದಕ್ಕೆ ಸಾಲಿಯಲ್ಲೇ ನನಗೆ ಸಾಕ್ಷಿ ಸಿಗಬೇಕಿತ್ತು. ಅಂಗಡಿಯ ಡಬ್ಬದ ಮೇಲೆ ಪಾಟಿ-ಪುಸ್ತಕ ಇಟ್ಟು ಅಭ್ಯಾಸ ಮಾಡುತ್ತಿದ್ದೆ. ನನ್ನ ವಹಿಯ ಹಾಳೆಗಳೆಲ್ಲ ಎಣ್ಣೆ ಕುಡಿದು ಗಾಜಾಗಿದ್ದವು. ಮುಂದಿನ ಪುಟದ ಲೆಕ್ಕ ಹಿಂದಿನಿಂದಲೂ ಕಾಣುತ್ತಿತ್ತು. ಮಾಸ್ತರರು ಎರಡೂ ಕಡೆಯಿಂದ ನೋಡಿ, ಎರಡೂ ಕಡೆಯಿಂದ ತಪ್ಪು ಎಂದು ತೀರ್ಮಾನಿಸುತ್ತಿದ್ದರು. ಪಕ್ಕದಲ್ಲಿ ಕೂರುವವನು ನನ್ನ ಮೈಯಿಂದ ಭಜಿಯ ವಾಸನೆ ಬರುತ್ತದೆ, ಹಸಿವಾಗುತ್ತದೆ ಎಂದು ಜಾಗ ಬದಲಿಸಿ ಕೂತ. ನಾನು ಮೈಯೆಲ್ಲ ಮೂಸಿಕೊಂಡೆ. ಯಾವ ವಾಸನೆಯೂ ಇರಲಿಲ್ಲ. ಅವನು ಹೊಟ್ಟೆಕಿಚ್ಚಿನವನು ಎಂದು ನಿರ್ಧರಿಸಿದೆ.

ಇನ್ನು ಡಬ್ಬಗಳು. ಎಣ್ಣೆಯವರ ಮನೆಯಲ್ಲಿ ಡಬ್ಬಕ್ಕೆ ಸಾವಿಲ್ಲ. ಎಣ್ಣೆ ತೀರಿದ ಮೇಲೆ ಅದು ನೀರಿನ ಕೊಡ, ತುಳಸಿಯ ಕುಂಡ, ಜೋಳದ ಕಣಜ, ಬಂದವರಿಗೆ ಕುರ್ಚಿ. ತಗಡಿನ ಡಬ್ಬ ಹೋಗಿ ಪ್ಲಾಸ್ಟಿಕ್ ಕ್ಯಾನು ಬಂದವು, ಧರ್ಮ ಬದಲಾಗಲಿಲ್ಲ. ನನ್ನ ಕಾರಿನ ಹಿಂದಿನ ಸೀಟಿನ ಕೆಳಗೆ ಸದಾ ಒಂದು ಐದು ಲೀಟರಿನ ಕ್ಯಾನು ಇರುತ್ತದೆ. ನೀವು ನಮ್ಮ ಮನೆಯಲ್ಲಿ ಕೈ ತೊಳೆದರೂ ಎಣ್ಣೆ ಕ್ಯಾನಿನ ನೀರಿನಲ್ಲೇ ತೊಳೆಯುತ್ತೀರಿ. ಇದುವರೆಗೆ ಯಾರೂ ದೂರಲಿಲ್ಲ. ಇಲ್ಲವೇ ಬೆನ್ನ ಹಿಂದೆ ದೂರಿರಬೇಕು.

ಸರಿ, ಭಾನುವಾರಕ್ಕೆ ಬರೋಣ. ವರ್ಕ್‌ಶಾಪಿನಿಂದ ಗಾಡಿಯನ್ನು ಬಿಚ್ಚಿಸದೆ ವಾಪಸು ತಂದೆ. ಆ ತರುಣ ಮೂಸಲಿಲ್ಲ ಎಂಬುದೇ ನನ್ನ ತಲೆಯಲ್ಲಿ ಕುಟುಕುತ್ತಿತ್ತು. ಎಣ್ಣೆಯ ಖಟ್ಲೆ ಇದು. ಎಣ್ಣೆಯ ಖಟ್ಲೆಯಲ್ಲಿ ನಮ್ಮ ಮನೆತನವನ್ನು ಕೇಳದೆ ತೀರ್ಪು ಕೊಡುವವರು ಯಾರು? ಅಡುಗೆಮನೆಯಿಂದ ಉಪ್ಪಿನಕಾಯಿ ಡಬ್ಬಿ ಖಾಲಿ ಮಾಡಿ, ಸಾಬೂನು ಹಚ್ಚಿ ತೊಳೆದು ತಂದೆ (ಕೇಳದೆ ತಂದೆ, ಅದು ಪ್ರತ್ಯೇಕ ಖಟ್ಲೆ), ಟಾಕಿಯಿಂದ ನಾಲ್ಕು ಚಮಚ ಬಾಸುಂದಿ ತುಂಬಿದೆ, ಅಂಗಡಿಗೆ ಒಯ್ದೆ, ಗಾದಿಯ ಮೇಲೆ ಪದ್ಮಾಸನ ಹಾಕಿ ಕೂತೆ. ಬಲಕ್ಕೆ ಕುಸುಬಿಯ ಕ್ಯಾನುಗಳು, ಎಡಕ್ಕೆ ಶೇಂಗಾದ ಡಬ್ಬಗಳು, ಮೇಲೆ ಅಪ್ಪನ ಫೋಟೋ. ಬೆರಳಿನಲ್ಲಿ ಅದ್ದಿ, ತಿಕ್ಕಿ, ಕಣ್ಣು ಮುಚ್ಚಿ ಮೂಸಿದೆ. ಸಿಹಿಸಿಹಿಯಾದ ಔಷಧದ ವಾಸನೆ, ಹಿಂದೆ ಸುಟ್ಟ ರಬ್ಬರಿನದು. ಬೇರೇನೂ ಇಲ್ಲ.

“ಎಂಜಿನ್ ಎಣ್ಣೆ” ಎಂದು ತೀರ್ಪು ಕೊಟ್ಟೆ. ಫೋಟೋದಲ್ಲಿದ್ದ ಅಪ್ಪ ರಸ್ತೆಯ ಆಚೆ ನೋಡುತ್ತಿದ್ದರು.

ತೀರ್ಪು ಆದ ಮೇಲೆ ಆರೋಪಿ ಬೇಕಲ್ಲ. ಬೀರಪ್ಪನಿಗೆ ಫೋನ್ ಹಚ್ಚಿ ಬೈದೆ. ಪೈಪು ಬದಲಿಸುವಾಗ ಎಲ್ಲೋ ಬಡಿದು ಗೋಡೆ ಸೀಳಿದ್ದೀ ಎಂದೆ. ಇಪ್ಪತ್ತು ವರ್ಷದ ನಂಬಿಕೆಗೆ ನೀರು ಬಿಟ್ಟೀ, ಅಲ್ಲ, ನೀರಿಗೆ ಎಣ್ಣೆ ಬಿಟ್ಟೀ ಎಂದೆ. ಅವನು ಎಲ್ಲ ಕೇಳಿಸಿಕೊಂಡು, “ಗಾಡಿ ಚಾಲೂ ಮಾಡಬ್ಯಾಡ್ರಿ ಸಾವಕಾರ್ರ. ನಾ ಸೊಲ್ಲಾಪುರಕ್ಕ ಬಂದ ನೋಡ್ತೀನಿ” ಎಂದ. ಬರಬೇಡ ಎಂದೆ. ನಾನೇ ಬರುತ್ತೇನೆ, ಮುದ್ದೆಮಾಲಿನ ಸಮೇತ ಬರುತ್ತೇನೆ ಎಂದೆ.

ಗುರುವಾರ ಎಸ್‌ಟಿ ಬಸ್ಸು ಹತ್ತಿ ಹೋದೆವು. ಹೆಂಡತಿಯ ಚೀಲದಲ್ಲಿ ತೆಂಗಿನಕಾಯಿ, ನನ್ನ ತೊಡೆಯ ಮೇಲೆ ಡಬ್ಬಿ. ಕಿಟಕಿಯ ಗಾಜು ಮೇಲೇರುತ್ತಿರಲಿಲ್ಲ. ದಾರಿಯುದ್ದಕ್ಕೂ ಹೊಲದ ಗಾಳಿ ಮುಖಕ್ಕೆ ಬಡಿಯುತ್ತಿತ್ತು. “ಅಲ್ರೀ, ದರ್ಶನಕ್ಕ ಹೊಂಟೀವೋ, ಜಗಳಕ್ಕ ಹೊಂಟೀವೋ?” ಎಂದು ಕೇಳಿದಳು. ಎರಡಕ್ಕೂ ಎಂದೆ. ದರ್ಶನ ಬೇಗ ಮುಗಿಯಿತು. ನಾನು ಏನನ್ನು ಬೇಡಿಕೊಂಡೆನೋ ದೇವರಿಗೆ ಗೊತ್ತು, ನನಗೆ ನೆನಪಿಲ್ಲ.

ಶೆಡ್ಡಿನ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ಹನ್ನೂರಿನ ಸಿದ್ದಪ್ಪನದು. ಬೀರಪ್ಪ ಅದರ ಎಂಜಿನ್ ಬಿಚ್ಚಲು ಪಾನಾಗಳನ್ನು ಸಾಲಾಗಿ ಹಾಸಿಕೊಳ್ಳುತ್ತಿದ್ದ. ಸಿದ್ದಪ್ಪನ ತಂದೆ ನಮ್ಮ ಅಪ್ಪನಿಗೆ ಎಣ್ಣೆ ಹಾಕುತ್ತಿದ್ದವರು. ಆದ್ದರಿಂದ ನನಗೆ ಗುರುತು.

“ಬರ್ರಿ ಸಾವಕಾರ್ರ, ವೈನಿನೂ ಬಂದಾರ. ಕೂಡ್ರಿ ವೈನಿ” ಎಂದು ಬೀರಪ್ಪ ಒಂದು ಡಬ್ಬ ಒರೆಸಿ ಇಟ್ಟ. ಅವಳು ಕೂತಳು. ನಾನು ನಿಂತೇ ಡಬ್ಬಿಯ ಮುಚ್ಚಳ ತೆಗೆದೆ. ಗುರುವಾರ, ಗುಡಿಯ ಕಡೆಯಿಂದ ಬಂದವರು, ಕೈಯಲ್ಲಿ ಡಬ್ಬಿ. ಸಿದ್ದಪ್ಪ ಭಕ್ತಿಯಿಂದ ಅಂಗೈ ಒಡ್ಡಿದ.

“ಪ್ರಸಾದ ಅಲ್ಲೋ ಇದು! ಇವನ ಪ್ರತಾಪ!” ಎಂದು ಗುಡುಗಿದೆ.

ಬೀರಪ್ಪ ಡಬ್ಬಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಬೆರಳಿಗೆ ಹಚ್ಚಿ ತಿಕ್ಕಿದ. ಮೂಸಿದ. ಅವನ ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ವಕೀಲರು ಕೇಳುವ ಹಾಗೆ ಒಂದೊಂದೇ ಕೇಳತೊಡಗಿದ.

“ಎಂಜಿನ್ ಎಣ್ಣಿ ಕಡ್ಡಿ ಎಳದು ನೋಡಿದ್ರೇನು?”

“ನೋಡೀನಿ. ಬರೋಬರ ಮ್ಯಾಲಿನ ಗೆರಿ ತನಕ ಅದ.”

“ನಾ ನೋಡಿದಾಗ ಎಲ್ಲಿ ಇತ್ತೋ ಅಲ್ಲೇ ಅದ. ಬಣ್ಣ?”

“ಕರ್ರಗ.”

“ನೀರ ಕೂಡಿ ಬೆಳ್ಳಗ ಆಗಿಲ್ಲ?”

“ಇಲ್ಲ.”

“ಗಾಡಿ ಚಾಲೂ ಇದ್ದಾಗ ಟಾಕ್ಯಾಗ ಗುಳ್ಳಿ ಏಳ್ತಿದ್ವೇನು? ಹಿಂದ ಬಿಳೀ ಹೊಗಿ?”

“ಎರಡೂ ಇಲ್ಲ.”

“ಹಂಗಾರ ಎಂಜಿನ್‌ದಾಗಿನ ಎಣ್ಣಿ ಒಂದ ಹನಿನೂ ಕಡಿಮಿ ಆಗಿಲ್ಲ. ಎಲ್ಲೂ ಹೋಗಲಾರದ ಎಣ್ಣಿ ಟಾಕ್ಯಾಗ ಹ್ಯಾಂಗ ಬಂತ್ರಿ? ಮತ್ತ ಡೀಸೆಲ್ ಗಾಡಿ ಎಣ್ಣಿ ಕಾಡಿಗಿ ಇದ್ದಂಗ ಇರ್ತದ. ಅದು ಕೂಡಿದ್ರ ಕರೀ ರಾಡಿ ಆಗ್ತದ. ಇದು ನೋಡ್ರಿ, ಹಾಲಿನ ಕೆನಿ ಆಗ್ಯಾದ. ಇದು ಒಳಗಿಂದ ಬಂದಿದ್ದಲ್ಲ. ಹೊರಗಿಂದ ಹೋಗಿದ್ದು.”

ಈಗ ನೆನೆದರೆ ಇಷ್ಟು ಸ್ವಚ್ಛವಾದ ವಾದವನ್ನು ನಾನು ಯಾವ ಕೋರ್ಟಿನಲ್ಲೂ ಕೇಳಿಲ್ಲ. ಗಾಜಿನ ಕೋಣೆಯವರು ಟ್ಯಾಬಿನಲ್ಲಿ ಹುಡುಕಿದ್ದನ್ನು ಇವನು ನಾಲ್ಕು ಪ್ರಶ್ನೆಯಲ್ಲಿ ಕಟ್ಟಿ ಕೈಗೆ ಕೊಟ್ಟಿದ್ದ. ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆದರೆ ಅವನು ಡಬ್ಬಿಯನ್ನು ನನ್ನತ್ತ ಚಾಚಿ, “ಮೂಸಿ ನೋಡ್ರಿ ಸಾವಕಾರ್ರ” ಎಂದುಬಿಟ್ಟ.

ಮೂಸಿ ನೋಡಬೇಕಂತೆ! ನನಗೆ! ಮೂರು ತಲೆಮಾರು ಎಣ್ಣೆ ಮೂಸಿದ ಮನೆಯ ಮಗನಿಗೆ ಪಾನಾ ಹಿಡಿಯುವವನು ಮೂಗು ತೋರಿಸುತ್ತಾನೆ!

“ಎಣ್ಣಿ ಮೂಸೂದು ನನಗ ಕಲಸ್ತೀಯೇನೋ ಬೀರಪ್ಪ? ಮೂಸೀನಿ, ನಮ್ಮ ಅಂಗಡ್ಯಾಗ ಕೂತ, ಸಾವಕಾಶ ಮೂಸೀನಿ. ಎಂಜಿನ್ ಎಣ್ಣಿ ಅದು. ನಿನ್ನ ಚೂಕ ಮುಚ್ಚಾಕ ನನ್ನ ಮೂಗಿನ ಮ್ಯಾಲ ಹಾಕಬ್ಯಾಡ.”

ಸಿದ್ದಪ್ಪ ಇಬ್ಬರನ್ನೂ ನೋಡಿದ. ಆಮೇಲೆ ಹಾಸಿದ ಪಾನಾಗಳ ಆಚೆ ಹೋಗಿ ತನ್ನ ಟ್ರ್ಯಾಕ್ಟರಿನ ಬಾನೆಟ್ ಇಳಿಸಿದ.

“ಮೇಸ್ತ್ರಿ, ನಂದು ಬಿಚ್ಚಬ್ಯಾಡ. ಹಂಗೇ ಇರ್ಲಿ.”

“ಯಾಕೋ ಸಿದ್ದಪ್ಪ?”

“ಸಿಟ್ಟಾಗಬ್ಯಾಡ. ನಮ್ಮಪ್ಪ ಒಮ್ಮಿ ಹಳೀ ಎಣ್ಣಿ ಕೂಡಿಸಿ ಒಯ್ದಿದ್ದ. ಯಾರಿಗೂ ಗೊತ್ತಿರಲಿಲ್ಲ, ನಮ್ಮವ್ವಗೂ ಗೊತ್ತಿರಲಿಲ್ಲ. ಇವರಪ್ಪ ರಸ್ತಾದ ಮ್ಯಾಲ ನಿಂತ ಮೂಸಿ ವಾಪಸ್ ಕಳಿಸಿದ್ರು. ಆ ಮನಿ ಮೂಗು ಸುಳ್ಳ ಹೇಳೂದಿಲ್ಲಪ್ಪ. ಸಾವಕಾರ್ರು ಎಂಜಿನ್ ಎಣ್ಣಿ ಅಂದ್ರ ಮುಗೀತು. ನಾಳಿ ನಾಲ್ಕ ಮಂದಿ ಕೇಳಿದ್ರೂ ನಾ ಇದನ್ನ ಹೇಳ್ತೀನಿ.”

ನಿಮ್ಮ ಮುಂದೆ ಮುಚ್ಚಿಡುವುದೇನು, ಒಂದು ಕ್ಷಣ ನನಗೆ ಸಂತೋಷವಾಯಿತು. ಮನೆತನದ ಕೀರ್ತಿ ಹನ್ನೂರಿನ ತನಕ ಹಬ್ಬಿದೆ ಎಂದು ಎದೆ ಉಬ್ಬಿತು. ಆಮೇಲೆ ಬೀರಪ್ಪನ ಮುಖ ನೋಡಿದೆ. ಅವನು ಸಾಲಾಗಿ ಹಾಸಿದ್ದ ಪಾನಾಗಳನ್ನು ಒಂದೊಂದಾಗಿ ಎತ್ತಿ, ಒರೆಸಿ, ಪೆಟ್ಟಿಗೆಗೆ ಹಾಕುತ್ತಿದ್ದ. ಸಣ್ಣದರಿಂದ ದೊಡ್ಡದಕ್ಕೆ, ಕ್ರಮವಾಗಿ. ಕೊನೆಯ ಪಾನಾ ಹಾಕಿ ಪೆಟ್ಟಿಗೆ ಮುಚ್ಚಿದ, ಕೈ ತೊಳೆದ, ಶೆಡ್ಡಿನೊಳಗೆ ಹೋದ.

ಶೆಡ್ಡಿನ ಮೂಲೆಯಲ್ಲಿ ಅವನ ಕುಲದೇವರು ಬೀರೋಬನ ಗೂಡು ಇದೆ. ಅದರ ಮುಂದಿನ ಬಟ್ಟಲಲ್ಲಿ ಭಂಡಾರ, ಎಂದರೆ ದೇವರ ಅರಿಶಿನ ಪುಡಿ. ಅವನ ಕುಲದವರಲ್ಲಿ ಭಂಡಾರ ಎತ್ತಿ ಆಡಿದ ಮಾತಿಗೆ ಮುಂದೆ ಪೊಲೀಸೂ ಇಲ್ಲ, ಪಂಚಾಯತಿಯೂ ಇಲ್ಲ. ಅವನು ಬಟ್ಟಲು ಹಿಡಿದು ಬಂದ. ಆಣೆ ಮಾಡುತ್ತಾನೆ, ಮಾಡಲಿ ಎಂದುಕೊಂಡೆ. ಅವನು ಬಟ್ಟಲನ್ನು ನನ್ನ ಮುಂದೆ ಹಿಡಿದ.

“ನಾ ಆಣಿ ಮಾಡೂದಿಲ್ಲ ಸಾವಕಾರ್ರ. ನಾ ಮಾಡಿದ್ರ ಹೊಟ್ಟಿಪಾಡಿಗಿ ಮಾಡ್ಯಾನ ಅಂತಾರ. ನೀವ ಭಂಡಾರ ಎತ್ರಿ. ಎತ್ತಿ, ಇದು ಎಂಜಿನ್ ಎಣ್ಣಿ ಅಂತ ಒಂದ ಮಾತ ಹೇಳ್ರಿ. ಹೇಳಿದ್ರ ಇವತ್ತಿಗಿ ಪಾನಾ ಬಿಟ್ಟೆ. ಕುರಿ ಕಾಯಾಕ ಹೋಗ್ತೀನಿ.”

“ಬ್ಯಾಡ್ರೀ” ಎಂದಳು ಹೆಂಡತಿ ಡಬ್ಬದ ಮೇಲಿಂದ.

ಆದರೆ ಸಿದ್ದಪ್ಪ ನೋಡುತ್ತಿದ್ದ. ಎಣ್ಣೆಯಿಂದ ಕರಿಯಾದ ನೆಲದಲ್ಲಿ ಭಂಡಾರ ಎತ್ತಬಾರದು ಎಂದು ಬೀರಪ್ಪ ನನ್ನನ್ನು ಅಂಗಳದ ಆ ತುದಿಗೆ ಕರೆದೊಯ್ದ. ಚಪ್ಪಲಿ ಬಿಟ್ಟು ಬಿಸಿಲಿಗೆ ನಿಂತೆ. ಒಂದು ಚಿಟಿಕೆ ಎತ್ತಿದೆ. ಹಣೆಗೆ ಮುಟ್ಟಿಸಿದೆ. ಮುಚ್ಚಳ ತೆಗೆಯುವಾಗ ಅದೇ ಬೆರಳಿಗೆ ಡಬ್ಬಿಯ ಬಾಸುಂದಿ ಹತ್ತಿತ್ತು. ಕೈ ಹಣೆಯಿಂದ ಕೆಳಗಿಳಿಯುವಾಗ ಮೂಗಿನ ಮುಂದೆ ಹಾಯಿತು.

ಒಗ್ಗರಣೆ.

ಸಂಶಯವೇ ಇಲ್ಲ. ನಮ್ಮ ಮನೆಯಲ್ಲಿ ದಿನಾ ಹನ್ನೊಂದು ಗಂಟೆಗೆ ಅಡುಗೆಮನೆಯಿಂದ ಅಂಗಳಕ್ಕೆ ಬರುವ ವಾಸನೆ. ಅರಿಶಿನ, ಅದರ ಕೆಳಗೆ ಎಣ್ಣೆ. ಸಾಸಿವೆ ಒಂದು ಸಿಡಿದಿಲ್ಲ. ಎಂಜಿನ್ ಎಣ್ಣೆಯಲ್ಲಿ ಯಾರ ಮನೆಯಲ್ಲಿ ಒಗ್ಗರಣೆ ಹಾಕುತ್ತಾರೆ?

ನನಗೇ ತಿಳಿಯದೆ ತೋಳು ಎತ್ತಿ ಅಂಗಿಯನ್ನು ಮೂಸಿದೆ. ಬಸ್ಸಿನ ಗಾಳಿಗೆ ಒಣಗಿದ, ಒಗೆದ ಅರಿವೆಯ ವಾಸನೆ, ಬೇರೇನಿಲ್ಲ. ಇನ್ನೊಂದು ಕೈಯ ಬೆರಳನ್ನು ಡಬ್ಬಿಗೆ ಅದ್ದಿ, ತಿಕ್ಕಿ, ಮೂಸಿದೆ. ಸಿಹಿ ಔಷಧದ ವಾಸನೆ ಇತ್ತು. ರಬ್ಬರೂ ಇತ್ತು. ಅವೆರಡರ ಕೆಳಗೆ ಸಮಾಧಾನವಾಗಿ, ಮನೆಯ ಹಿರಿಯರ ಹಾಗೆ, ಕುಸುಬಿ ಎಣ್ಣೆ ಕೂತಿತ್ತು. ಬರಿಯ ಕುಸುಬಿಯಲ್ಲ, ಕಟ್ಟಿಗೆ ಗಾಣದ್ದು. ನಮ್ಮದು.

ಭಾನುವಾರ ಅದು ನನಗೆ ಯಾಕೆ ಹತ್ತಲಿಲ್ಲ ಎಂದು ಆಗ ತಿಳಿಯಿತು. ಅಂಗಡಿಯಲ್ಲಿ ಕುಸುಬಿಯೇ ಗಾಳಿ. ನನ್ನ ಮೂಗು ನಮ್ಮದನ್ನೆಲ್ಲ ಕಳೆದು, ಉಳಿದ ಪರರ ವಾಸನೆಯನ್ನು ಮಾತ್ರ ಹಿಡಿದು, ಅದೇ ಅಪರಾಧಿ ಎಂದಿತ್ತು. ಅಪ್ಪ ಧೋತರ ಮೂಸುತ್ತಿದ್ದದ್ದು ಹುಚ್ಚಿಗಲ್ಲ.

“ಕುಸುಬಿ” ಎಂದೆ.

“ಸಿದ್ದಪ್ಪಗ ಕೇಳಸಲಿಲ್ರಿ. ಜೋರಲೆ ಹೇಳ್ರಿ” ಎಂದ ಬೀರಪ್ಪ.

“ಕುಸುಬಿ ಎಣ್ಣಿ! ನಮ್ಮ ಅಂಗಡೀದು!” ಎಂದು ಕೂಗಿದೆ. ಕೂಗಿದ್ದೇ ತಡ, ಸಿಟ್ಟಿಗೆ ಹೊಸ ದಾರಿ ಸಿಕ್ಕಿತು. “ನಮ್ಮ ಎಣ್ಣಿ ನಮ್ಮ ಗಾಡ್ಯಾಗ ಸುರದಾಂವ ಯಾವಾಂವ? ಯಾರ ಕೈಗೆ ಸಿಕ್ಕಿತ್ತು ಗಾಡಿ? ಮಂದಿಗೆ ಇಷ್ಟ ಹೊಟ್ಟಿಕಿಚ್ಚೇನು?”

“ಏನ್ರೀ” ಎಂದಳು ಹೆಂಡತಿ. ಡಬ್ಬದ ಮೇಲೆ ಕೂತು ಅವಳು ನೆಲ ನೋಡುತ್ತಿದ್ದಳು. “ದುಧನಿಯಿಂದ ಬರೂಮುಂದ ಬೋರಿನ ನೀರ ಯಾತರಾಗ ತುಂಬಿದ್ರಿ?”

“ಕ್ಯಾನಿನ್ಯಾಗ.”

“ಯಾವ ಕ್ಯಾನು?”

ನಾನು ಡಬ್ಬಿಯ ಮುಚ್ಚಳ ಹುಡುಕತೊಡಗಿದೆ.

“ತಂಗಿಗಿ ಎಣ್ಣಿ ಒಯ್ದಿದ್ನಲ್ರಿ, ಆ ಕ್ಯಾನು. ಅಕಿ ಬಗ್ಗಿಸಿಕೊಂಡು ಹಂಗೇ ವಾಪಸ್ ಕೊಟ್ಟಳು. ತಳದಾಗ ಪಾವ ಲೀಟರ್ ಉಳದಿತ್ತು. ಮನಿಗಿ ಬಂದ ಭಜಿ ಕರಿಯೂದಕ್ಕ ಆಗ್ತದಂತ ನಾನೇ ಹಿಂದಿನ ಸೀಟಿನ ಕೆಳಗ ಇಟ್ಟಿದ್ದೆ.”

ನೀರು ತುಂಬಿದರೆ ಎಣ್ಣೆ ಮೇಲೇಳುತ್ತದೆ. ಬಗ್ಗಿಸಿದರೆ ಮೊದಲು ಬೀಳುವುದು ಮೇಲಿನದ್ದೇ. ಇದನ್ನು ತಿಳಿಯಲು ವಿಜ್ಞಾನ ಬೇಕಿಲ್ಲ, ಮೂರು ತಲೆಮಾರಿನ ಎಣ್ಣೆ ಅಂಗಡಿಯಂತೂ ಬೇಕೇ ಇಲ್ಲ. ಕ್ಯಾನಿನ ಬಾಯಿ ಜಿಡ್ಡಾಗಿತ್ತಲ್ಲ, ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಜಿಡ್ಡಿಲ್ಲದ ಕ್ಯಾನು ಕಂಡಿದ್ದರೆ ನನಗೆ ಸಂಶಯ ಬರುತ್ತಿತ್ತು.

ಕಡೆಗೆ ಬೀರಪ್ಪನ ಕೈ ಹಿಡಿದುಕೊಂಡೆ. ಚೂಕಾಯಿತಪ್ಪ ಎಂದೆ. ಅವನು “ಇರ್ಲಿ ಬಿಡ್ರಿ” ಎಂದ. ಸಿದ್ದಪ್ಪ ತಲೆ ಕೆರೆದುಕೊಂಡು ಟ್ರ್ಯಾಕ್ಟರಿನ ಬಾನೆಟ್ ಮತ್ತೆ ಎತ್ತಿದ. ಪಾನಾಗಳು ಪೆಟ್ಟಿಗೆಯಿಂದ ಹೊರಬಂದು ಮತ್ತೆ ಸಾಲಾದವು. ಮರುದಿನ ಬೀರಪ್ಪ ಸೊಲ್ಲಾಪುರಕ್ಕೆ ಬಂದು ಟಾಕಿ, ರೇಡಿಯೇಟರು ಎಲ್ಲ ಖಾಲಿ ಮಾಡಿ, ಬಿಸಿನೀರು ಮತ್ತು ಸಾಬೂನು ಪುಡಿ ಹಾಕಿ ಮೂರು ಸಲ ತೊಳೆದ. ಎಣ್ಣೆ ಕುಡಿದು ಮೆತ್ತಗಾಗಿದ್ದ ಒಂದು ಪೈಪನ್ನು ಬದಲಿಸಿದ. ಎಂಜಿನ್ನಿನ ಒಂದು ಮೊಳೆಯನ್ನೂ ಬಿಚ್ಚಲಿಲ್ಲ. ಗಾಡಿ ಈಗ ಸುಖವಾಗಿದೆ. ನಾನೂ ಸುಖವಾಗಿರಬಹುದಿತ್ತು.

ಆದರೆ ಮಾತು ಆಗಲೇ ಊರು ಸುತ್ತಿತ್ತು. ಸೊಲ್ಲಾಪುರದಲ್ಲಿ ನಾನು ನಾಲ್ಕು ಕಡೆ ಹೇಳಿದ್ದೆ, ನಾಲ್ವರು ನಲವತ್ತು ಕಡೆ ಹೇಳಿದ್ದರು. ಬೀರಪ್ಪ ರೇಡಿಯೇಟರಿಗೆ ಎಣ್ಣೆ ಬಿಟ್ಟನಂತೆ ಎಂಬ ಸುದ್ದಿ ದುಧನಿಯ ರೈಲು ನಿಲ್ದಾಣ ದಾಟಿಹೋಗಿತ್ತು. ಖರೇ ಏನೆಂದು ನೀನೇ ಹೇಳಿಬಿಡು ಎಂದರೆ ಆ ಮನುಷ್ಯ ಒಪ್ಪಲಿಲ್ಲ. “ನಾ ಹೇಳಿದ್ರ ಯಾರ ನಂಬ್ತಾರ್ರಿ? ಹೇಳಿದ್ದು ನಿಮ್ಮ ಮೂಗು. ತಿರುಗಿ ಹೇಳೂದೂ ಅದೇ ಹೇಳಬೇಕು” ಎಂದ. ಎಂಥ ಮಾತು! ನಿಜವಾದ್ದರಿಂದ ಇನ್ನಷ್ಟು ಸಿಟ್ಟು ಬರುವ ಮಾತು.

ಹೀಗಾಗಿ ಪ್ರತಿ ಗುರುವಾರ ದರ್ಶನ ಮುಗಿಸಿ ನಾನು ಬೀರಪ್ಪನ ಅಂಗಳಕ್ಕೆ ಹಾಜರಾಗುತ್ತೇನೆ. ಮೆತ್ತಗಾದ ಪೈಪನ್ನು ಅವನು ಶೆಡ್ಡಿನ ಬಾಗಿಲಿಗೆ ನೇತುಹಾಕಿದ್ದಾನೆ. ಬಂದ ಗಿರಾಕಿ ಅದೇನು ಎಂದು ಕೇಳುತ್ತಾನೆ, ಇಲ್ಲವೇ ಗಾಡಿ ಬಿಡಲೋ ಬೇಡವೋ ಎಂದು ಅನುಮಾನಿಸುತ್ತಾನೆ. ಆಗ ಬೀರಪ್ಪ ಗಾಡಿಯ ಕೆಳಗೆ ಮಲಗಿದ್ದಲ್ಲಿಂದಲೇ ಕೂಗುತ್ತಾನೆ: “ಸಾವಕಾರ್ರ, ಇವ್ರಿಗೊಂದೀಟ ಹೇಳ್ರಿ!” ನಾನು ಡಬ್ಬದಿಂದ ಏಳುತ್ತೇನೆ. ಗಂಟಲು ಸರಿಪಡಿಸಿಕೊಂಡು, ಗಾಜಿನ ಕೋಣೆಯ ತರುಣನಿಂದ ಶುರುಮಾಡುತ್ತೇನೆ. ಟ್ಯಾಬು, ಫೋಟೋ, ಮೂಸದ ಮೂಗು ಎಲ್ಲವನ್ನೂ ವಿಸ್ತಾರವಾಗಿ ವರ್ಣಿಸುತ್ತೇನೆ. ಈ ಕಾಲದ ಜನಕ್ಕೆ ವಸ್ತುವನ್ನು ಮುಟ್ಟುವ ಧೈರ್ಯವಿಲ್ಲ ಎಂದು ಖಂಡಿಸುತ್ತೇನೆ. ಅಪ್ಪನ ಧೋತರಕ್ಕೆ ಬರುತ್ತೇನೆ, ಬೀರಪ್ಪನ ನಾಲ್ಕು ಪ್ರಶ್ನೆಗಳನ್ನು ಒಂದೂ ಬಿಡದೆ ಹೇಳುತ್ತೇನೆ, ಭಂಡಾರಕ್ಕೆ ಬಂದಾಗ ಕೈಯೆತ್ತಿ ತೋರಿಸುತ್ತೇನೆ, ಕೇಳುವವರು ಚಪ್ಪಲಿ ಬಿಟ್ಟು ನಿಂತಿರುತ್ತಾರೆ. ಆಮೇಲೆ ಹೇಗೋ ಟಾಕಿಗೆ ಕುಸುಬಿ ಎಣ್ಣೆ ಬಿದ್ದಿತ್ತು ಎಂದು ಹೇಳಿ, ಬೀರಪ್ಪ ನಿರ್ದೋಷಿ ಎಂದು ಘೋಷಿಸಿ, ಘನತೆಯಿಂದ ಕೂರುತ್ತೇನೆ.

ಗಾಡಿಯ ಕೆಳಗಿನಿಂದ ಮುಖವಿಲ್ಲದ ದನಿಯೊಂದು ಬರುತ್ತದೆ.

“ಸಾವಕಾರ್ರ, ಕ್ಯಾನಿನ ಮಾತ ಬಿಟ್ರಿ.”